ಮಡಿಕೇರಿಯ ಹೈಸ್ಕೂಲೂ ಬಾಗಲಗುಂಟೆಯ ಮಕ್ಕಳೂ

ಊರುಗಳ ಪೂರ್ವಚರಿತ್ರೆಯು ಅವುಗಳ ಹೆಸರುಗಳಲ್ಲಿಯೇ ಅಡಗಿಕೊಂಡಿರುವುದುಂಟು. ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ತುಮಕೂರಿನ ಹೆದ್ದಾರಿಯಿಂದ ಹೆಸರಘಟ್ಟಕ್ಕೆ ದಾರಿ ಕವಲೊಡೆಯುವ ಎಡೆಯಲ್ಲಿ, ದಾಸರಹಳ್ಳಿಗೆ ಹೊಂದಿಕೊಂಡಿರುವ ಬಾಗಲಗುಂಟೆಯು ಅಂತಹ ಊರುಗಳಲ್ಲೊಂದು. ಕನ್ನಡ ವ್ಯಾಕರಣವನ್ನು ಓದುವ ಬಾಲಕನಿಗೆ ಈ ಹೆಸರು ಸಂಧಿಪ್ರಕರಣದ ಒಳ್ಳೆಯ ಉದಾಹರಣೆ. ‘ಮಳೆ’ ಎಂಬುದಕ್ಕೆ ‘ಕಾಲ’ವು ಸೇರಿ ‘ಮಳೆಗಾಲ’ವಾಗುವಂತೆ, ಇಲ್ಲಿ ಉತ್ತರಪದವಾದ ‘ಕುಂಟೆ’ಯ ಕಕಾರಕ್ಕೆ ಗಕಾರವು ಆದೇಶವಾಗಿ ‘ಗುಂಟೆ’ಯಾಗಿರುವುದು. ಕುಂಟೆಯೆಂದರೆ ಮಳೆಯ ನೀರು ನಿಲ್ಲುವ ಚಿಕ್ಕ ಹೊಂಡ. ಕೆರೆಯ ತಂಗಿಯೆಂದರೂ ಸಲ್ಲುವುದು. ಆದರೆ ‘ಗುಂಟೆ’ ಎಂಬ ಮಾತಿಗೆ ನಮ್ಮ ರೈತರಲ್ಲಿ ಬೇರೊಂದು ಅರ್ಥವೂ ಉಂಟು. ಅದು ನೆಲದ ಅಳತೆ: ೪೦ ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ ೧,೦೮೯ ಚದರ ಅಡಿ. ಹೀಗೆ ಒಂದೇ ಹೆಸರಿನಲ್ಲಿ ನೀರೂ ಕಿವಿಗೆ ಬೀಳುತ್ತದೆ, ನೆಲವೂ ಕಿವಿಗೆ ಬೀಳುತ್ತದೆ. ಶ್ಲೇಷಾಲಂಕಾರವನ್ನು ಕವಿಗಳು ಮಾತ್ರವೇ ಅಲ್ಲ, ಊರುಗಳಿಗೆ ಹೆಸರಿಟ್ಟ ಹಿರಿಯರೂ ಅರಿಯದೆಯೇ ಬಳಸಿದರೇನೋ ಎನ್ನಿಸುವುದು.

ಇಂದು ಈ ಊರಿನಲ್ಲಿ ನೀರಿನ ಅರ್ಥವು ಹಿಂದೆ ಸರಿದು ನೆಲದ ಅರ್ಥವೇ ಮುಂದೆ ಬಂದಿದೆ. ೧೯೫೩ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆಯೂ, ೧೯೫೪ರಲ್ಲಿ ಅದರ ನೆರೆಯಲ್ಲಿ ಬಿ.ಇ.ಎಲ್. ಸಂಸ್ಥೆಯೂ ಸ್ಥಾಪಿತವಾದುವು. ೧೯೭೦ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವು ತಲೆಯೆತ್ತಿತು. ಚರಕಿಯಂತ್ರ, ಅಚ್ಚು, ಲೇಪನ, ಸಿದ್ಧ ಉಡುಪು ಮೊದಲಾದ ಸಾವಿರಾರು ಸಣ್ಣ ದೊಡ್ಡ ಕಾರ್ಖಾನೆಗಳು ಒಂದಕ್ಕೊಂದು ಬೆನ್ನು ಕೊಟ್ಟು ನಿಂತವು. ೨೦೦೭ರಲ್ಲಿ ದಾಸರಹಳ್ಳಿಯ ನಗರಸಭೆಯು ಬೆಂಗಳೂರಿನ ಮಹಾನಗರಪಾಲಿಕೆಯಲ್ಲಿ ಲೀನವಾಯಿತು; ೨೦೧೫ರಲ್ಲಿ ಮೆಟ್ರೋ ರೈಲು ನಾಗಸಂದ್ರದವರೆಗೆ ಬಂದಿತು. ತುಮಕೂರು, ಮಂಡ್ಯ, ಹಾಸನಗಳಿಂದಲೂ, ಕಲಬುರಗಿ, ರಾಯಚೂರು, ವಿಜಯಪುರಗಳಿಂದಲೂ, ಬಿಹಾರ ಒಡಿಶಾಗಳಿಂದಲೂ ಹೊಟ್ಟೆಯ ಪಾಡಿಗಾಗಿ ಬಂದ ಜನರು ಇಲ್ಲಿ ನೆಲಸಿದರು. ಮೂವತ್ತಕ್ಕೆ ನಲವತ್ತು ಅಡಿಯ ಒಂದು ನಿವೇಶನವನ್ನು ಕೊಂಡು, ಅದರ ಮೇಲೆ ಮೂರು ಅಂತಸ್ತನ್ನು ಎಬ್ಬಿಸಿ, ಎರಡನ್ನು ಬಾಡಿಗೆಗೆ ಕೊಟ್ಟು, ಮಕ್ಕಳನ್ನು ಓದಿಸುವುದೇ ಇಲ್ಲಿಯ ಸಂಸಾರಿಗಳ ಜೀವಮಾನದ ಯಜ್ಞ. ಇದರಲ್ಲಿ ಹಳಿಯತಕ್ಕುದು ಏನೂ ಇಲ್ಲ. ಮನೆಗೆ ನೆಲ ಬೇಕು, ಕಾರ್ಖಾನೆಗೆ ನೆಲ ಬೇಕು, ರಸ್ತೆಗೆ ನೆಲ ಬೇಕು. ಆದರೆ ಮಕ್ಕಳ ಕಾಲಿಗೆ ಎಷ್ಟು ಗುಂಟೆ ನೆಲ ಬೇಕು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿದಂತೆ ಕಾಣುವುದಿಲ್ಲ.

ಭಾನುವಾರದ ಪ್ರಾತಃಕಾಲ ಕಾರ್ಖಾನೆಗಳ ನಡುವಣ ಬೀದಿಗಳಲ್ಲಿ ಸಂಚರಿಸಿದವರು ಒಂದು ನೋಟವನ್ನು ಕಂಡಿರಬಹುದು. ವಾರವೆಲ್ಲ ಲಾರಿಗಳಿಂದ ಕಿಕ್ಕಿರಿಯುವ ಆ ಬೀದಿಗಳು ಅಂದು ಬರಿದಾಗಿರುತ್ತವೆ. ಬಾಗಿಲು ಮುಚ್ಚಿದ ಶೆಡ್ಡುಗಳ ಮುಂದೆ ಹುಡುಗರು ಇಟ್ಟಿಗೆಗಳನ್ನು ನಿಲ್ಲಿಸಿಕೊಂಡು ಕ್ರಿಕೆಟ್ ಆಡುತ್ತಿರುತ್ತಾರೆ. ನಮ್ಮ ಬೀದಿಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯಿದ್ದಾಳೆ. ಆಕೆಯ ತಂದೆ ಲೇತ್ ಕೆಲಸದವರು, ತಾಯಿ ಉಡುಪಿನ ಕಾರ್ಖಾನೆಗೆ ಹೋಗುವವರು. ಹೋಬಳಿಯ ಮಟ್ಟದ ಕ್ರೀಡಾಕೂಟದಲ್ಲಿ ಓಟದಲ್ಲಿಯೂ ಉದ್ದ ಜಿಗಿತದಲ್ಲಿಯೂ ಹೆಸರು ಮಾಡಿದ ಈಕೆಗೆ ಅಭ್ಯಾಸಕ್ಕೆ ದೊರೆಯುವುದು ವಾರದಲ್ಲಿ ಆ ಒಂದೇ ಬೆಳಗು. ಆಕೆ ಕಾರ್ಖಾನೆಯ ಬೀದಿಯಲ್ಲಿ ಓಡುತ್ತಾಳೆ. ತಂದೆ ಸೈಕಲ್ಲಿನ ಮೇಲೆ ಹಿಂದೆಯೇ ಕಾವಲಿಗೆ ಹೋಗುತ್ತಾರೆ. ಉದ್ದ ಜಿಗಿತಕ್ಕೆ ಮನೆ ಕಟ್ಟುವವರು ಬೀದಿಯ ಬದಿಯಲ್ಲಿ ಸುರಿದ ಮರಳಿನ ರಾಶಿಯೇ ಗತಿ. ಆ ಮನೆಗೆ ಗಾರೆಯಾದೊಡನೆ ಮರಳೂ ಮುಗಿಯುವುದು, ಅಭ್ಯಾಸವೂ ನಿಲ್ಲುವುದು.

ಒಂದು ಬೆಳಗ್ಗೆ ಈ ನೋಟವನ್ನು ನನ್ನೊಡನೆ ನಿಂತು ನೋಡುತ್ತಿದ್ದ ನೆರೆಮನೆಯ ಮಿತ್ರರೊಬ್ಬರು, “ಮೇಷ್ಟ್ರೇ, ಇಷ್ಟು ಚೆನ್ನಾಗಿ ಓಡುವ ಮಗು ನಮ್ಮ ಕಡೆ ಹುಟ್ಟಿದ್ದರೆ ಊರಿಗೆ ಊರೇ ಅವಳ ಹಿಂದೆ ನಿಲ್ಲುತ್ತಿತ್ತು. ನೀವು ಒಂದು ಸಲ ಮಡಿಕೇರಿಗೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ” ಎಂದರು. ಅವರು ಕೊಡಗಿನವರು, ಮೂವತ್ತು ವರ್ಷ ಯಂತ್ರಗಳ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾನು ಆಯುಷ್ಯದಲ್ಲಿ ಬಹುಭಾಗವನ್ನು ಶಬ್ದರೂಪ ಧಾತುರೂಪಗಳ ನಡುವೆಯೇ ಕಳೆದವನಾದರೂ, ಶಾಲೆಯೆಂದರೆ ಕೊಠಡಿ ಮಾತ್ರವಲ್ಲವೆಂಬುದನ್ನು ಬಲ್ಲೆನು. ಅವರ ಆಹ್ವಾನವನ್ನು ಒಪ್ಪಿಕೊಂಡು ೨೦೨೫ರ ಬೇಸಗೆಯಲ್ಲಿ ಅವರೊಡನೆ ಹೊರಟೆನು.

ಪ್ರಯಾಣದ ಕಥೆಗೆ ಮುಂಚೆ, ನಮ್ಮ ಸೀಮೆಯಲ್ಲಿ ಹೈಸ್ಕೂಲುಗಳು ಹೇಗೆ ಬಂದುವೆಂಬುದನ್ನು ಸಂಕ್ಷೇಪವಾಗಿ ಅರುಹುವುದು ಯುಕ್ತ. ಮುಮ್ಮಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ೧೮೩೩ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದು ಆರಂಭವಾಯಿತು. ೧೮೫೭ರಲ್ಲಿ ಮೈಸೂರು ಸಂಸ್ಥಾನಕ್ಕೆ ವಿದ್ಯಾ ಇಲಾಖೆಯು ಏರ್ಪಟ್ಟಿತು; ಮರುವರ್ಷ ಬೆಂಗಳೂರಿನಲ್ಲಿ ತೆರೆದ ಸರ್ಕಾರಿ ಹೈಸ್ಕೂಲು ಮುಂದೆ ೧೮೭೫ರಲ್ಲಿ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. ಹಳ್ಳಿಗರ ಮಕ್ಕಳಿಗೆಂದು ೧೮೬೮ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ತಂದರು. ಈಗಲೂ ಶಾಲಾ ಕ್ರೀಡೆಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಹತ್ತುವಾಗ, ಮೊದಲನೆಯ ಮೆಟ್ಟಿಲಿನಲ್ಲಿ ಆ ಹಳೆಯ ‘ಹೋಬಳಿ’ಯೇ ಕುಳಿತಿರುವುದನ್ನು ವಾಚಕರು ಗಮನಿಸಬಹುದು.

ಆದರೆ ಹೋಬಳಿಯ ಶಾಲೆಯಿಂದ ಹೈಸ್ಕೂಲಿಗೆ ದಾರಿ ಬಹು ದೂರವಾಗಿತ್ತು. ತಾಲ್ಲೂಕು ಕಸಬೆಗಳಲ್ಲಿಯೂ ಹೈಸ್ಕೂಲಿಲ್ಲದ ಕಾಲದಲ್ಲಿ ಬಡ ಹುಡುಗರಿಗೆ ಕಾಲುಗಳೇ ವಾಹನ. ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ ೧೯೨೦ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರುವುದಕ್ಕಾಗಿ ೧೯೩೫ರಲ್ಲಿ ತಮ್ಮ ಊರಿನಿಂದ ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದದ್ದು ಲೋಕವಿದಿತವಾದ ಸಂಗತಿ. ಅಂದಿನ ಹುಡುಗರಿಗೆ ವ್ಯಾಯಾಮದ ಅವಧಿಯನ್ನು ಬೇರೆಯಾಗಿ ಇಡದಿದ್ದರೂ ನಡೆಯುತ್ತಿತ್ತೇನೋ. ಶಾಲೆಗೆ ಹೋಗಿ ಬರುವುದೇ ವ್ಯಾಯಾಮವಾಗಿತ್ತು. ಇಂದಿನ ಮಗುವು ಬಾಗಿಲಿನಲ್ಲಿ ವ್ಯಾನನ್ನು ಹತ್ತಿ, ಶಾಲೆಯ ಬಾಗಿಲಿನಲ್ಲಿ ಇಳಿದು, ಸಂಜೆ ಮನೆಪಾಠಕ್ಕೆ ಹೋಗಿ ಮಲಗುವುದು. ಆದುದರಿಂದ ಬಯಲಿನ ಅಗತ್ಯವು ಅಂದಿಗಿಂತ ಇಂದು ಹೆಚ್ಚಾಗಿದೆಯೇ ಹೊರತು ಕಡಮೆಯಾಗಿಲ್ಲ.

ಮೈಸೂರಿನ ಮಾರ್ಗವಾಗಿ ಮಡಿಕೇರಿಗೆ ಬೆಂಗಳೂರಿನಿಂದ ಸುಮಾರು ೨೫೦ ಕಿಲೋಮೀಟರು. ಹುಣಸೂರನ್ನು ದಾಟಿ ಕುಶಾಲನಗರದಲ್ಲಿ ಕಾವೇರಿಯ ದರ್ಶನವನ್ನು ಮಾಡಿಕೊಂಡು ಮುಂದುವರಿದರೆ ಆನೆಕಾಡಿನ ನೆರಳು. ಆಮೇಲೆ ಸುಂಟಿಕೊಪ್ಪದ ಕಾಫಿಯ ತೋಟಗಳು, ಕರಿಮೆಣಸಿನ ಬಳ್ಳಿಯನ್ನು ಹೊತ್ತ ಮರಗಳು. ಕೊಡಗಿಗೆ ಇಂದಿಗೂ ರೈಲಿಲ್ಲ. ರಸ್ತೆಯು ಸುತ್ತಿ ಸುತ್ತಿ ಏರುತ್ತ, ಸಮುದ್ರಮಟ್ಟಕ್ಕೆ ೩,೮೦೦ ಅಡಿಗಳಷ್ಟು ಎತ್ತರದಲ್ಲಿರುವ ಮಡಿಕೇರಿಯನ್ನು ಮುಟ್ಟುವುದು. ಅರಸರ ಕಾಲದ ಕೋಟೆ, ಅದರೊಳಗಿನ ಕಲ್ಲಾನೆಗಳು, ಲಿಂಗರಾಜನು ೧೮೨೦ರಲ್ಲಿ ಕಟ್ಟಿಸಿದ ಓಂಕಾರೇಶ್ವರನ ದೇವಾಲಯ, ಅರಸರ ಸಮಾಧಿಗಳಾದ ಗದ್ದಿಗೆ, ಸೂರ್ಯಾಸ್ತವನ್ನು ನೋಡುವ ರಾಜಾಸೀಟು, ಇವು ಪ್ರವಾಸಿಗಳೆಲ್ಲರೂ ನೋಡುವ ಸ್ಥಳಗಳು. ನಾನು ಅವನ್ನು ನೋಡಿದೆನು. ಆದರೆ ನನ್ನ ಯಾತ್ರೆಯ ಉದ್ದೇಶವು ಬೇರೆಯಾಗಿದ್ದುದರಿಂದ ಅವುಗಳ ವರ್ಣನೆಗೆ ತೊಡಗುವುದಿಲ್ಲ.

೧೮೩೪ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಇಂಗ್ಲಿಷರ ಕೈ ಸೇರಿತು. ಆ ಬಳಿಕ ಅಲ್ಲಿ ಬೆಳೆದ ವಿದ್ಯಾಸಂಸ್ಥೆಗಳಲ್ಲಿ ಮುಖ್ಯವಾದುದು ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಸ್ಕೂಲು. ಚಿಕ್ಕ ಪಟ್ಟಣದ ಈ ಶಾಲೆಯು ಒಂದು ನಾಡಿಗೇ ಜ್ಞಾನದ ಬಾಗಿಲಾಯಿತು. ಬಾಸೆಲ್ ಮಿಷನ್ನಿನ ಪಾದ್ರಿಗಳಾದ ಜಿ. ರಿಕ್ಟರರವರು ಅದರ ಮುಖ್ಯಸ್ಥರೂ ಕೊಡಗಿನ ಶಾಲೆಗಳ ತನಿಖೆಗಾರರೂ ಆಗಿದ್ದು, ೧೮೭೦ರಲ್ಲಿ ಕೊಡಗಿನ ನೆಲ, ಜಲ, ಗಿಡ, ಮರ, ಜನ, ಆಚಾರಗಳನ್ನು ಕುರಿತ ದೊಡ್ಡ ಗ್ರಂಥವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಉಪಾಧ್ಯಾಯನು ತಾನು ಪಾಠ ಹೇಳುವ ಊರನ್ನೇ ಪುಸ್ತಕವನ್ನಾಗಿ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆ ಶಾಲೆಯ ಮುಖ್ಯೋಪಾಧ್ಯಾಯರ ಪೀಠದಲ್ಲಿ ಮುಂದೆ ಕನ್ನಡಿಗರೆಲ್ಲರಿಗೂ ಪ್ರಿಯರಾದ ಪಂಜೆ ಮಂಗೇಶರಾಯರು ಕುಳಿತರು. ೧೮೭೪ರಲ್ಲಿ ಬಂಟವಾಳದಲ್ಲಿ ಜನಿಸಿದ ಅವರು ಮಕ್ಕಳಿಗಾಗಿ ಕಥೆಗಳನ್ನೂ ಹಾಡುಗಳನ್ನೂ ಬರೆದವರು. ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಕೊಡಗನ್ನು ಕುರಿತ ಅವರ ‘ಹುತ್ತರಿ ಹಾಡು’ ಇಂದಿಗೂ ಆ ನಾಡಿನವರ ನಾಲಗೆಯ ಮೇಲಿದೆ. ಹೊರಗಿನಿಂದ ಬಂದ ಉಪಾಧ್ಯಾಯರು ತಮ್ಮ ಶಿಷ್ಯರ ಹಬ್ಬವನ್ನೇ ಹಾಡನ್ನಾಗಿ ಮಾಡಿ ಅವರಿಗೆ ಹಿಂದಕ್ಕೆ ಕೊಟ್ಟರು. ಗುರುವಿಗೆ ಶಿಷ್ಯರು ದಕ್ಷಿಣೆ ಕೊಡುವುದು ವಾಡಿಕೆ. ಇಲ್ಲಿ ಶಿಷ್ಯರ ನಾಡಿಗೆ ಗುರುವೇ ದಕ್ಷಿಣೆಯನ್ನಿತ್ತಂತಾಯಿತು.

ಈ ಶಾಲೆಯ ಬೆಂಚುಗಳಲ್ಲಿ ಕುಳಿತವರ ಪೈಕಿ ಲೋಕಪ್ರಸಿದ್ಧರಾದವರು ಕೊಡಂದೆರ ಮಾದಪ್ಪ ಕಾರ್ಯಪ್ಪನವರು. ೧೮೯೯ರ ಜನವರಿ ೨೮ರಂದು ಶನಿವಾರಸಂತೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಹೈಸ್ಕೂಲನ್ನು ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಅವರು ೧೯೪೯ರ ಜನವರಿ ೧೫ರಂದು ಭಾರತ ಸೈನ್ಯದ ಮೊದಲನೆಯ ಭಾರತೀಯ ಮಹಾದಂಡನಾಯಕರಾದರು. ವಿದ್ಯಾರ್ಥಿದೆಸೆಯಲ್ಲಿ ಅವರು ಹಾಕಿಯಲ್ಲಿಯೂ ಟೆನ್ನಿಸಿನಲ್ಲಿಯೂ ಆಸಕ್ತರಾಗಿದ್ದರು. ಅವರ ಹೆಸರನ್ನು ಮಡಿಕೇರಿಯ ಕಾಲೇಜಿಗೆ ಇಟ್ಟಿರುತ್ತಾರೆ. ಪಟ್ಟಣದ ದೊಡ್ಡ ಕ್ರೀಡಾಂಗಣವು ಮತ್ತೊಬ್ಬ ದಂಡನಾಯಕರಾದ ತಿಮ್ಮಯ್ಯನವರ ಹೆಸರನ್ನು ಹೊತ್ತಿರುವುದು. ವಿದ್ಯೆಗೆ ಒಬ್ಬ ಯೋಧನ ಹೆಸರು, ಆಟಕ್ಕೆ ಇನ್ನೊಬ್ಬ ಯೋಧನ ಹೆಸರು! ಈ ಪಟ್ಟಣದಲ್ಲಿ ಪುಸ್ತಕವೂ ಬಯಲೂ ಅಣ್ಣತಮ್ಮಂದಿರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಹಾಕಿಯ ಆಟವು ಕೊಡಗಿಗೆ ಹೊರಗಿನಿಂದ ಬಂದುದೇ. ಸೈನ್ಯದಲ್ಲಿದ್ದವರು ಅದನ್ನು ಕಲಿತರು, ರಜೆಗೆ ಬಂದಾಗ ಊರಿನಲ್ಲಿ ಆಡಿದರು, ಶಾಲೆಯ ಹುಡುಗರು ನೋಡಿ ಕಲಿತರು. ಆದರೆ ಬೀಜವು ಹೊರಗಿನದಾದರೂ ನೆಲವು ಹದವಾಗಿತ್ತು. ಕೊಡಗಿನ ಗ್ರಾಮಗಳಲ್ಲಿ ‘ಮಂದ್’ ಎಂಬ ಹಸುರು ಬಯಲುಗಳುಂಟು. ಅವು ಒಬ್ಬರ ಆಸ್ತಿಯಲ್ಲ, ಊರಿನ ಆಸ್ತಿ. ಸುಗ್ಗಿಯ ಹಬ್ಬವಾದ ಹುತ್ತರಿಯಲ್ಲಿ ಊರಿನವರೆಲ್ಲರೂ ಅಲ್ಲಿ ನೆರೆದು ಕೋಲಾಟವಾಡುವರು. ಆಯುಧಗಳನ್ನು ಪೂಜಿಸುವ ಕೈಲುಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಪಂದ್ಯವು ನಡೆಯುವುದು. ಹೀಗೆ ಬಯಲನ್ನು ದೇವರ ಗುಡಿಯಂತೆಯೇ ಕಾಪಾಡಿಕೊಂಡ ನಾಡಿನಲ್ಲಿ ಹೊಸ ಆಟವೊಂದು ಬೇರು ಬಿಟ್ಟುದು ಆಶ್ಚರ್ಯವಲ್ಲ. ಪುಟ್ಟ ಜಿಲ್ಲೆಯಾದ ಕೊಡಗು ಭಾರತದ ಹಾಕಿಗೆ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಮೊದಲಾದ ಆಟಗಾರರನ್ನು ಕೊಟ್ಟಿದೆ. ಇವರಲ್ಲಿ ಗಣೇಶರೂ ಗೋವಿಂದರೂ ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಪಡೆದ ತಂಡದಲ್ಲಿದ್ದರು. ಸೋಮಯ್ಯನವರು ೧೯೮೦ರಲ್ಲಿ ಮಾಸ್ಕೋದಲ್ಲಿ ಚಿನ್ನವನ್ನು ಗೆದ್ದ ತಂಡದವರು. ಓಟದಲ್ಲಿ ಹೆಸರಾದ ಅಶ್ವಿನಿ ನಾಚಪ್ಪನವರೂ, ಏಷ್ಯನ್ ಕ್ರೀಡೆಗಳಲ್ಲಿ ರಿಲೇ ಓಟದ ಚಿನ್ನವನ್ನು ತಂದ ಎಂ.ಆರ್. ಪೂವಮ್ಮನವರೂ ಕೊಡಗಿನ ಮನೆಯ ಹೆಣ್ಣುಮಕ್ಕಳೇ.

ನಾವು ಹೋದಾಗ ಮಡಿಕೇರಿಯಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವು ನಡೆಯುತ್ತಲಿತ್ತು. ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ೧೯೯೭ರಲ್ಲಿ ಕರಡ ಗ್ರಾಮದಲ್ಲಿ ೬೦ ಕುಟುಂಬಗಳ ತಂಡಗಳೊಡನೆ ಆರಂಭವಾದ ಈ ಉತ್ಸವವು, ಮಧ್ಯದಲ್ಲಿ ಕೆಲವು ವರ್ಷ ನಿಂತಿದ್ದರೂ, ೨೦೨೪ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಮನೆತನದವರು ನಡೆಸಿದಾಗ ೩೬೦ ತಂಡಗಳಿಗೆ ಏರಿತ್ತು. ೨೦೨೫ರಲ್ಲಿ ಅದನ್ನು ನಡೆಸಿದವರು ಮುದ್ದಂಡ ಮನೆತನದವರು. ಪ್ರತಿ ವರ್ಷವೂ ಒಂದೊಂದು ಮನೆತನವು ಹೊಣೆಯನ್ನು ಹೊರುವುದು; ಕಪ್ಪಿಗೂ ಆ ಮನೆತನದ ಹೆಸರೇ. ಒಂದು ಮನೆತನವೆಂದರೆ ಒಂದು ತಂಡ. ಆದುದರಿಂದ ಒಂದೇ ತಂಡದಲ್ಲಿ ನರೆತ ಕೂದಲಿನ ಹಿರಿಯರೂ, ಕಾಲೇಜಿನ ಯುವಕರೂ, ಸೊಸೆಯಂದಿರೂ, ಹೈಸ್ಕೂಲಿನ ಹುಡುಗಿಯರೂ ಆಡುವುದನ್ನು ಕಾಣಬಹುದು.

ನಾನು ಕಂಡ ಒಂದು ಪಂದ್ಯದಲ್ಲಿ ಗೋಲಿನ ಮುಂದೆ ಕಾವಲು ನಿಂತಿದ್ದಾಕೆ ಹದಿನಾಲ್ಕು ಹದಿನೈದು ವರ್ಷದ ಬಾಲೆ. ಎದುರಾಳಿಗಳಲ್ಲಿ ಒಬ್ಬರು ಅವಳ ಅಜ್ಜನ ವಯಸ್ಸಿನವರು. ಅವರು ಹೊಡೆದ ಚೆಂಡನ್ನು ಆಕೆ ಕಾಲಿನಿಂದ ತಡೆದಾಗ ಅವರೇ ಮೊದಲು ಕೈ ತಟ್ಟಿ, “ಒಳ್ಳೆಯದಾಯಿತು ಮಗಳೇ” ಎಂದರು. ಸೋತ ತಂಡದ ಹೆಂಗಸರು ಗೆದ್ದ ತಂಡದವರಿಗೆ ಬುತ್ತಿಯನ್ನು ಹಂಚಿದರು. ಕಳೆದ ಸಂಜೆಯ ಮಾತಿನಲ್ಲಿ ನನ್ನ ಮಿತ್ರರು, “ಮೇಷ್ಟ್ರೇ, ನಮ್ಮವರು ಕಾರ್ಖಾನೆ, ಬ್ಯಾಂಕು, ಸೈನ್ಯ ಅಂತ ಎಲ್ಲೆಲ್ಲಿಗೋ ಹೋಗಿಬಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಈ ಬಯಲೇ ನಮ್ಮನ್ನು ಎಳೆದು ತರುತ್ತದೆ. ಬಯಲು ಇಲ್ಲದಿದ್ದರೆ ಮದುವೆ, ಸಾವು ಎರಡಕ್ಕೇ ಸೇರುತ್ತಿದ್ದೆವು” ಎಂದಿದ್ದರು. ಆ ಮಾತಿನ ಸತ್ಯವು ನನಗೆ ಆ ಬುತ್ತಿಯನ್ನು ನೋಡಿದಾಗ ಸ್ಪಷ್ಟವಾಯಿತು. ‘ಕ್ರೀಡೆ’ಯೆಂದರೆ ಗೆಲ್ಲುವುದೆಂದು ಧಾತುಪಾಠದಲ್ಲಿ ಎಲ್ಲಿಯೂ ಹೇಳಿಲ್ಲ, ಅದರ ಅರ್ಥ ವಿಹಾರ, ಸಂತೋಷದಿಂದ ಓಡಾಡುವುದು, ಅಷ್ಟೆ.

ಇದನ್ನು ಓದಿ ಕೆಲವರು, “ಕೊಡಗಿನವರಿಗೆ ಅದು ರಕ್ತಗತ, ನಮ್ಮ ಮಕ್ಕಳಿಗೆ ಬರುವುದೆ?” ಎನ್ನಬಹುದು. ಈ ಮಾತನ್ನು ನಾನು ಒಪ್ಪಲಾರೆ. ರಕ್ತವು ಎಲ್ಲ ಮಕ್ಕಳಲ್ಲಿಯೂ ಒಂದೇ ಬಣ್ಣದ್ದು. ಭೇದವಿರುವುದು ಅಭ್ಯಾಸದಲ್ಲಿ ಮತ್ತು ಅವಕಾಶದಲ್ಲಿ. ಬೆಳಗಾವಿಯ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆ ಎಂಬವರು ೧೯೨೦ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಟವನ್ನು ಓಡಿ ೧೯ನೆಯವರಾಗಿ ಗುರಿ ಮುಟ್ಟಿದರು. ಭಾರತದಿಂದ ಆ ಕ್ರೀಡೆಗಳಿಗೆ ತಂಡವೊಂದು ಹೋದದ್ದೇ ಅದು ಮೊದಲು. ೧೯೬೪ರಲ್ಲಿ ಟೋಕಿಯೋದಲ್ಲಿ ಓಡಿದ ಕೆನೆತ್ ಪೊವೆಲ್‌ರವರು ಕೋಲಾರದ ಕಡೆಯವರು. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಕಾರ್ಖಾನೆಗಳಿರುವಲ್ಲಿ ಕ್ರೀಡೆಯು ಬೆಳೆಯದೆಂಬುದೂ ಹೀಗೆ ಸುಳ್ಳು. ಜಾಲಹಳ್ಳಿಯ ಹಳೆಯ ದೊಡ್ಡ ಕಾರ್ಖಾನೆಗಳನ್ನು ಕಟ್ಟಿದವರು ಕಾರ್ಮಿಕರ ಬಡಾವಣೆಗಳನ್ನು ಯೋಜಿಸುವಾಗ ಮನೆ, ಶಾಲೆ, ಆಸ್ಪತ್ರೆಗಳ ಜೊತೆಗೆ ಆಟದ ಬಯಲಿಗೂ ನೆಲವನ್ನು ಬಿಟ್ಟರು. ಹಿಂದಿನಿಂದ ನಿವೇಶನ ನಿವೇಶನವಾಗಿ ಬೆಳೆದ ನೆರೆಯೂರುಗಳಿಗೆ ಆ ಭಾಗ್ಯವು ಪೂರ್ತಿಯಾಗಿ ಒದಗಲಿಲ್ಲ.

ನಮ್ಮ ಶಾಲೆಗಳಿಗೆ ಅಂಗಸಾಧನೆಯು ಮೊದಲು ಬಂದುದು ‘ಡ್ರಿಲ್’ ಎಂಬ ರೂಪದಲ್ಲಿ. ಸಾಲಾಗಿ ನಿಲ್ಲುವುದು, ಕೈಯೆತ್ತುವುದು, ಇಳಿಸುವುದು, ಎಡಕ್ಕೆ ಬಲಕ್ಕೆ ತಿರುಗುವುದು. ಅದನ್ನು ಕಲಿಸುವವರು ಡ್ರಿಲ್ ಮಾಸ್ತರು. ೧೯೨೦ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಶಿಕ್ಷಕರು ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಮೇಲೆ, ಆಟವನ್ನು ಕಲಿಸುವುದೂ ಒಂದು ಶಾಸ್ತ್ರವೆಂಬ ಭಾವನೆ ದಕ್ಷಿಣದೇಶದಲ್ಲಿ ಹರಡಿತು. ನಮ್ಮ ದೇಶೀಯ ಆ‌ಟಗಳೂ ಅದೇ ಕಾಲದಲ್ಲಿ ನಿಯಮಗಳನ್ನು ಪಡೆದುವು. ಪುಣೆಯ ಡೆಕ್ಕನ್ ಜಿಮ್‌ಖಾನಾದವರು ೧೯೧೪ರಲ್ಲಿ ಖೋಖೋ ಆಟಕ್ಕೆ ನಿಯಮಗಳನ್ನು ರಚಿಸಿದರು. ೧೯೩೬ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಬರ್ಲಿನ್ನಿನಲ್ಲಿ ಕಬಡ್ಡಿಯನ್ನು ಆಡಿ ತೋರಿಸಿದರು. ೧೯೯೦ರಲ್ಲಿ ಅದು ಏಷ್ಯನ್ ಕ್ರೀಡೆಗಳಿಗೆ ಸೇರಿತು. ಬೆಲೆಬಾಳುವ ಸಾಮಗ್ರಿಗಳನ್ನು ಬೇಡದ, ಬರಿಯ ಕಾಲು, ಉಸಿರು, ಬುದ್ಧಿಗಳನ್ನು ಬೇಡುವ ಈ ಎರಡು ಆಟಗಳು ನಮ್ಮ ಬಡ ಶಾಲೆಗಳಿಗೆ ದೇವರು ಕೊಟ್ಟ ವರಗಳು.

ಇನ್ನು ಲೆಕ್ಕಕ್ಕೆ ಬರೋಣ. ಸಂಸ್ಕೃತದ ಉಪಾಧ್ಯಾಯನು ಗಣಿತವನ್ನು ಹೇಳುವನೆಂದು ವಾಚಕರು ನಗಬಾರದು. ಗೃಹಿಣಿಯರು ಮನೆಯ ಖರ್ಚನ್ನು ಲೆಕ್ಕ ಹಾಕುವಂತೆ ನಾವು ಬಯಲನ್ನು ಲೆಕ್ಕ ಹಾಕೋಣ. ನಾನೂರು ಮೀಟರು ಸುತ್ತಳತೆಯ ಎಂಟು ಸಾಲಿನ ಓಟದ ಪಥಕ್ಕೆ ಸುಮಾರು ನಾಲ್ಕು ಎಕರೆ, ಎಂದರೆ ೧೬೦ ಗುಂಟೆ ಬೇಕು. ಹಾಕಿಯ ಬಯಲಿಗೆ ಸುಮಾರು ೫೦ ಗುಂಟೆ. ಇವು ಬಾಗಲಗುಂಟೆಯಂತಹ ಊರಿನಲ್ಲಿ ಇಂದು ಸುಲಭವಾಗಿ ದೊರೆಯತಕ್ಕವುಗಳಲ್ಲ. ಆದರೆ ೨೭ ಮೀಟರು ಉದ್ದ, ೧೬ ಮೀಟರು ಅಗಲದ ಖೋಖೋ ಅಂಗಣಕ್ಕೆ ಬೇಕಾದುದು ನಾಲ್ಕೂಕಾಲು ಗುಂಟೆ ಮಾತ್ರ. ೧೩ ಮೀಟರಿಗೆ ೧೦ ಮೀಟರಿನ ಗಂಡಸರ ಕಬಡ್ಡಿಗೆ ಒಂದೂಕಾಲು ಗುಂಟೆಗಿಂತ ತುಸು ಹೆಚ್ಚು. ೧೨ ಮೀಟರಿಗೆ ೮ ಮೀಟರಿನ ಹೆಂಗಸರ ಕಬಡ್ಡಿಗೆ ಪೂರಾ ಒಂದು ಗುಂಟೆಯೂ ಬೇಡ. ಉದ್ದ ಜಿಗಿತಕ್ಕೆ ಓಡುದಾರಿಯೂ ಮರಳಿನ ಗುಂಡಿಯೂ ಸೇರಿ ಮುಕ್ಕಾಲು ಗುಂಟೆ ಸಾಕು. ಖೋಖೋ, ಹುಡುಗಿಯರ ಕಬಡ್ಡಿ, ಉದ್ದ ಜಿಗಿತ ಈ ಮೂರನ್ನೂ ಕೂಡಿಸಿದರೆ ಆರು ಗುಂಟೆ. ಮೂವತ್ತಕ್ಕೆ ನಲವತ್ತರ ನಿವೇಶನಗಳ ಮಾತಿನಲ್ಲಿ ಹೇಳುವುದಾದರೆ ಐದೂವರೆ ನಿವೇಶನ. ಐದಾರು ಮನೆಗಳು ನಿಲ್ಲುವ ನೆಲದಲ್ಲಿ ಐದಾರುನೂರು ಮಕ್ಕಳ ಕಾಲುಗಳು ಸರದಿಯ ಮೇಲೆ ಬಲಗೊಳ್ಳಬಲ್ಲವು!

ಈ ಆರು ಗುಂಟೆಯನ್ನು ಕೇಳುವುದು ಭಿಕ್ಷೆಯಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಬಂಧದಲ್ಲಿ, ಶಾಲೆಗೆ ಇರಲೇಬೇಕಾದವುಗಳ ಪೈಕಿ ಕೊಠಡಿ, ಕುಡಿಯುವ ನೀರು, ಹುಡುಗಿಯರಿಗೆ ಪ್ರತ್ಯೇಕ ಶೌಚಗೃಹ, ಬಿಸಿಯೂಟದ ಅಡುಗೆಮನೆ, ಇವುಗಳ ಜೊತೆಯಲ್ಲಿಯೇ ಆಟದ ಬಯಲನ್ನೂ ಎಣಿಸಿದ್ದಾರೆ. ಆ ಕಾಯಿದೆಯು ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಸಂಬಂಧಿಸಿದುದು. ಎಂಟನೆಯ ತರಗತಿಯಲ್ಲಿ ಓಡಿದ ಮಗುವು ಒಂಬತ್ತರಲ್ಲಿ ಕುಂಟಬೇಕೆಂದು ಯಾರೂ ಹೇಳಲಾರರು. ಬಯಲಿದ್ದರೂ ಕಾಲವಿಲ್ಲದ ಶಾಲೆಗಳು ಹಲವು. ಎಸ್.ಎಸ್.ಎಲ್.ಸಿ. ಪರೀಕ್ಷೆಯು ಹತ್ತಿರ ಬಂದೊಡನೆ ಆಟದ ಅವಧಿಯನ್ನು ಕಿತ್ತು ಗಣಿತಕ್ಕೋ ವಿಜ್ಞಾನಕ್ಕೋ ಕೊಡುವ ಪದ್ಧತಿಯು ನಾಡಿನಲ್ಲೆಲ್ಲ ಪ್ರಚಾರದಲ್ಲಿದೆ. ಇದರಿಂದ ಅಂಕಗಳು ಏರುವುವೆಂದು ತಂದೆತಾಯಿಗಳು ನಂಬುವರು. ಎಣ್ಣೆ ಹೆಚ್ಚು ಸುರಿದ ಮಾತ್ರಕ್ಕೆ ದೀಪವು ಹೆಚ್ಚು ಬೆಳಗುವುದಿಲ್ಲ. ಬತ್ತಿಗೆ ಗಾಳಿಯೂ ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇಮ್ಮಡಿಯಾಗಿ ಸಲ್ಲುವುದು. ಗಂಡುಹುಡುಗನು ಕಾರ್ಖಾನೆಯ ಬೀದಿಯಲ್ಲಿಯೋ ಮೇಲುಸೇತುವೆಯ ಕೆಳಗೋ ಹೇಗೋ ಆಡಿಕೊಳ್ಳುವನು. ಹುಡುಗಿಗೆ ಶಾಲೆಯ ಕಾಂಪೌಂಡಿನ ಒಳಗಿನ ಬಯಲೇ ಬಯಲು. ಅದು ಹೋದರೆ ಆಕೆಯ ಆಟವೇ ಹೋಯಿತು. ಒಂಬತ್ತನೆಯ ತರಗತಿಯ ನಮ್ಮ ಬೀದಿಯ ಹುಡುಗಿಗೆ ಇನ್ನು ಎರಡು ವರ್ಷ ಮಾತ್ರವೇ ಹೈಸ್ಕೂಲಿನ ಕಾಲ. ಆ ಮೇಲೆ ಮರಳು ಸಿಕ್ಕಿದರೂ ಜಿಗಿಯುವ ಪ್ರಾಯವು ಕಾದಿರುವುದಿಲ್ಲ. ಕಟ್ಟಡಗಳನ್ನು ಮುಂದಿನ ವರ್ಷ ಕಟ್ಟಬಹುದು. ಮಕ್ಕಳ ಬೆಳವಣಿಗೆಯನ್ನು ಮುಂದಿನ ವರ್ಷಕ್ಕೆ ಇಡಲಾಗುವುದಿಲ್ಲ.

ಬೆಂಗಳೂರಿನ ದೊಡ್ಡ ಕ್ರೀಡಾಂಗಣವಾದ ಕಂಠೀರವವು ನಿಂತಿರುವುದು ಸಂಪಂಗಿ ಕೆರೆಯಿದ್ದ ಸ್ಥಳದಲ್ಲಿ. ೧೯೯೭ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಕ್ರೀಡೆಗಳು ನಡೆದಾಗ ದೇಶದ ಕ್ರೀಡಾಪಟುಗಳು ಅಲ್ಲಿ ಓಡಿದರು. ನೀರನ್ನು ಕಳೆದುಕೊಂಡು ಬಯಲನ್ನು ಪಡೆದುದು ಸರಿಯೇ ತಪ್ಪೇ ಎಂಬ ವಾದ ಬೇರೆ. ನೀರನ್ನೂ ಕಳೆದುಕೊಂಡು ಬಯಲನ್ನೂ ಕಳೆದುಕೊಳ್ಳುವುದು ಮಾತ್ರ ಯಾವ ನ್ಯಾಯದಿಂದಲೂ ಸರಿಯಾಗಲಾರದು. ಮಡಿಕೇರಿಯವರಿಗೆ ಬೆಟ್ಟಗಳ ನಡುವೆ ಸಮತಲವಾದ ನೆಲವು ಸುಲಭವಾಗಿ ಸಿಕ್ಕಲಿಲ್ಲ; ಗುಡ್ಡವನ್ನು ಕಡಿದು, ಹಳ್ಳವನ್ನು ತುಂಬಿ ಆಟದ ಬಯಲನ್ನು ಮಾಡಬೇಕಾದ ನಾಡು ಅದು. ನಮ್ಮದೋ ಸಹಜವಾಗಿ ಸಮವಾದ ಮೈದಾನ. ಆದರೂ ಅವರ ಮಕ್ಕಳಿಗೆ ಬಯಲುಂಟು, ನಮ್ಮ ಮಕ್ಕಳಿಗೆ ಸಾಲದು.

ಆದುದರಿಂದ ಈ ಪತ್ರಿಕೆಯನ್ನು ಓದುವ ತಾಯಂದಿರಲ್ಲಿಯೂ ತಂದೆಯರಲ್ಲಿಯೂ ನನ್ನ ವಿಜ್ಞಾಪನೆಯು ಇಷ್ಟೆ. ಈ ವರ್ಷ ನಿಮ್ಮ ಮಕ್ಕಳ ಶಾಲೆಯಲ್ಲಿ ಪೋಷಕರ ಸಭೆಯು ನಡೆಯುವಾಗ ಅಂಕಪಟ್ಟಿಯನ್ನು ನೋಡುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿರಿ: ಆಟದ ಬಯಲು ಎಷ್ಟು ಗುಂಟೆಯಿದೆ? ಆಟದ ಅವಧಿಯು ವಾರಕ್ಕೆ ಎಷ್ಟಿದೆ, ಅದು ಫೆಬ್ರವರಿಯ ತಿಂಗಳಲ್ಲಿಯೂ ಉಳಿದಿರುವುದೆ? ಬಯಲಿಲ್ಲದ ಶಾಲೆಯವರು ನೆರೆಯ ಕಾರ್ಖಾನೆಯ ಖಾಲಿ ಅಂಗಳವನ್ನು ವಾರಕ್ಕೆರಡು ಸಂಜೆಯಾದರೂ ಕೇಳಿ ಪಡೆಯಬಹುದು. ಒಂದು ಲಾರಿ ಮರಳನ್ನು ಊರಿನವರು ಕೂಡಿ ಕೊಡಿಸಬಹುದು. ಪಾಲಿಕೆಯವರಲ್ಲಿ ಉದ್ಯಾನಕ್ಕೆಂದು ಬಿಟ್ಟ ನೆಲದಲ್ಲಿ ಒಂದು ಮೂಲೆಯನ್ನು ಕಬಡ್ಡಿಗೆ ಬೇಡಬಹುದು. ಕುಂಟೆಯೆಂಬ ಹೆಸರಿನ ಊರಿಗೆ ಗುಂಟೆಯ ಲೆಕ್ಕವು ಹೊಸದಲ್ಲ. ಆ ಲೆಕ್ಕದಲ್ಲಿ ಮಕ್ಕಳ ಪಾಲಿಗೆ ಆರನ್ನು ಬರೆದಿಡುವುದಷ್ಟೆ ಉಳಿದಿರುವ ಕೆಲಸ.